ಕೊನಿಪಾಸಿನ ಕೆಂಪು ಹಿಡಿ

ಹೆಬ್ಬೆರಳಿನ ಗಾತ್ರದ ಒಂದು ಗುಂಡಿ. ಅದರೊಳಗೊಂದು ಕುರ್ಚಿ, ಕುರ್ಚಿಗೆ ಪಟ್ಟಿ, ಪಟ್ಟಿಗೆ ಬಕಲ್ಲು. ಎದುರಿಗೆ ಡಯಲುಗಳ ಹಲಗೆ, ಡಯಲಿನೊಳಗೆ ಮುಳ್ಳು, ಮುಳ್ಳಿನ ತುದಿಗೆ ಬಿಳಿ ಬಣ್ಣದ ಚುಕ್ಕೆ. ಇಷ್ಟನ್ನು ಮಾಡಿ ಮುಗಿಸುವಷ್ಟರಲ್ಲಿ ಒಂದು ಚಳಿಗಾಲ ಕರಗಿ ಹೋಗಿರುತ್ತದೆ, ಅದರ ಜತೆಗೆ ಕಣ್ಣಿನ ಬೆಳಕು ಒಂದಿಷ್ಟು, ಮನೆಯವರ ತಾಳ್ಮೆ ಬಹಳಷ್ಟು. ಆಮೇಲೆ ಆ ಪುಟ್ಟ ವಿಮಾನ ಮಾಡುವ ಮಹಾಶಯ ಏನು ಮಾಡುತ್ತಾನೆ? ಮೇಲೊಂದು ಗಾಜಿನ ಮುಚ್ಚಳವಿಟ್ಟು, ಸುತ್ತಲೂ ಅಂಟು ಸವರಿ, ಭದ್ರವಾಗಿ ಮುಚ್ಚಿಬಿಡುತ್ತಾನೆ. ಒಳಗೆ ಕಪ್ಪು, ಹೊರಗೆ ಹೊಳಪು. ಇನ್ನು ಅದರೊಳಗೆ ಏನಿದೆ ಎಂದು ಯಾರಿಗೂ ಕಾಣುವುದಿಲ್ಲ.

ಇದನ್ನು ಹುಚ್ಚು ಅನ್ನುವವರಿದ್ದಾರೆ. ನಾನು ಅನ್ನಲಾರೆ. ನಮ್ಮೂರ ಚರ್ಚಿನಲ್ಲಿ ಗಂಟೆ ಬಾರಿಸುವುದು, ಮೇಣದಬತ್ತಿ ಹಚ್ಚುವುದು, ಧೂಳು ಹೊಡೆಯುವುದು ನನ್ನ ಕೆಲಸ. ಅಲ್ಲಿನ ಪೀಠದ ಮೇಲೆ ಗೋಡೆಗಾನಿಸಿ ನಿಲ್ಲಿಸಿದ ದೇವದೂತರಿದ್ದಾರೆ. ಯಾವ ಪುಣ್ಯಾತ್ಮನೋ ಅವರ ಬೆನ್ನಿನ ಮೇಲೂ ಗರಿಗೆ ಗರಿ ಸೇರಿಸಿ ಕೆತ್ತಿದ್ದಾನೆ. ಆ ಬೆನ್ನನ್ನು ನೋಡುವವರು ಇಬ್ಬರೇ, ದೇವರು ಮತ್ತು ಜೇಡ. ಪುಟ್ಟ ವಿಮಾನಗಳ ಕಾಕ್‌ಪಿಟ್ಟಿನ ವಿಷಯದಲ್ಲಿ ಮಾತ್ರ ದೇವರ ಜತೆಗೆ ಇಂಜಿನಿಯರ್ ಸ್ಲಾವಿಚೆಕ್ ಸಾಹೇಬರೂ ನೋಡುತ್ತಾರೆ. ದೇವರಾದರೆ ಕ್ಷಮಿಸುತ್ತಾನೆ.

ಇಂಜಿನಿಯರ್ ಸಾಹೇಬರು ನಮ್ಮ ಮಾದರಿ ವಿಮಾನ ಸಂಘದ ಅಧ್ಯಕ್ಷರು, ಸ್ಪರ್ಧೆಯ ಮುಖ್ಯ ತೀರ್ಪುಗಾರರು. ನೀರು ಸರಬರಾಜಿನ ಇಲಾಖೆಯಲ್ಲಿದ್ದು ನಿವೃತ್ತರಾದವರು. ನಮ್ಮ ಮೊರಾವಿಯಾ ಸೀಮೆಯಲ್ಲಿ ಪದವಿ ಅನ್ನುವುದು ಹೆಸರಿಗಿಂತ ಮುಂದೆ ನಡೆಯುತ್ತದೆ, ಸಮಾಧಿಯ ಕಲ್ಲಿನ ಮೇಲೂ ಅದಕ್ಕೇ ಮೊದಲ ಜಾಗ. ಸಾಹೇಬರ ಎದೆಯ ಜೇಬಿನಲ್ಲಿ ಪೆನ್ನಿನಂಥ ಟಾರ್ಚು ಒಂದು, ಹಲ್ಲಿನ ಡಾಕ್ಟರರ ಪುಟ್ಟ ಕನ್ನಡಿ ಒಂದು ಸದಾ ಇರುತ್ತವೆ. ಸ್ಪರ್ಧೆ ಮುಗಿಯುವವರೆಗೆ ಅಂಟಿಸದೆ ಇಡಬೇಕಾದ ಗಾಜಿನ ಮುಚ್ಚಳದ ಸಂದಿಯಲ್ಲಿ ಕನ್ನಡಿ ತೂರಿಸಿ ಬೆಳಕು ಬಿಟ್ಟರೆ ಸಾಕು, ಕುರ್ಚಿಯ ಕೆಳಗೆ ಬಣ್ಣ ತಾಗದೆ ಉಳಿದ ಜಾಗ ಅವರಿಗೆ ಸಿಕ್ಕಿಬಿಡುತ್ತದೆ. ಎರಡನೆಯ ತೀರ್ಪುಗಾರ ಹಿನೆಕ್. ಕೂದಲೆಳೆಯಷ್ಟು ತೆಳುವಾದ ಹಿತ್ತಾಳೆ ತಗಡಿನಲ್ಲಿ ಲಿವರು, ಪೆಡಲು, ಬಕಲ್ಲು ಕೊರೆದು ಮಾರುವುದು ಅವನ ವ್ಯಾಪಾರ. ತನ್ನ ತಗಡು ಕೊಂಡವರ ಕಾಕ್‌ಪಿಟ್ಟು ಅವನ ಕಣ್ಣಿಗೆ ತುಸು ಹೆಚ್ಚೇ ನಿಜವಾಗಿ ಕಾಣುತ್ತದೆ. ಮೂರನೆಯವನು ನಾನು. ಸಾಹೇಬರು ಕನ್ನಡಿ ಹಿಡಿದಾಗ ಟಾರ್ಚು ಹಿಡಿಯುವುದಕ್ಕೆ ಒಬ್ಬರು ಬೇಕಲ್ಲ. ಮೇಣದಬತ್ತಿ ಹಿಡಿದು ಪಳಗಿದ ಕೈ, ನಡುಗುವುದಿಲ್ಲ ಅಂತ ಆರಿಸಿದರು.

ಈಗ ಕೊನಿಪಾಸಿನ ವಿಷಯ. ಹೊಳೆಯ ದಂಡೆಯಲ್ಲಿ ಬಾಲ ಕುಣಿಸುತ್ತ ಓಡಾಡುವ ಹಕ್ಕಿಗೆ ನಮ್ಮಲ್ಲಿ ಕೊನಿಪಾಸ್ ಅನ್ನುತ್ತಾರೆ. ನಮ್ಮೂರ ಕಾರ್ಖಾನೆ ಬಹಳ ಹಿಂದೆ ತಯಾರಿಸಿದ, ಹುಡುಗರಿಗೆ ಹಾರಲು ಕಲಿಸುವ ವಿಮಾನಕ್ಕೂ ಅದೇ ಹೆಸರು. ಅದೂ ಹಕ್ಕಿಯ ಹಾಗೆ ಬಾಲ ಕುಣಿಸುತ್ತಿತ್ತಂತೆ, ಆದರೆ ಆಕಾಶದಲ್ಲಿ, ಹಾಗೆ ಕುಣಿಸಬಾರದ ಹೊತ್ತಿನಲ್ಲಿ. ಆಗಿನ ಕಮ್ಯುನಿಸ್ಟ್ ಸರಕಾರ ಎಲ್ಲವನ್ನೂ ಗುಜರಿಗೆ ಹಾಕಿತು. ಉಳಿದದ್ದು ಒಂದೇ ಒಂದು. ಸಹಕಾರಿ ಹೊಲದಲ್ಲಿ ಕೋಳಿಗೂಡಾಗಿದ್ದ ಅದನ್ನು ಸರಕಾರ ಬದಲಾದ ಮೇಲೆ ತಂದು ತೊಳೆದು ರಿಪೇರಿ ಮಾಡಿ, ನಮ್ಮೂರ ಮ್ಯೂಸಿಯಮ್ಮಿನ ನಡುಮನೆಯಲ್ಲಿ ನಿಲ್ಲಿಸಿದ್ದಾರೆ. ಅದರ ಬಗ್ಗೆ ಇಂಜಿನಿಯರ್ ಸಾಹೇಬರು ದಪ್ಪನೆಯ ಪುಸ್ತಕವನ್ನೇ ಬರೆದಿದ್ದಾರೆ. ಅದರಲ್ಲಿ ಕೂತು ಹಾರಿದವರಲ್ಲ, ಆದ್ದರಿಂದ ಬರೆಯುವಾಗ ಯಾವ ಅಡಚಣೆಯೂ ಆಗಲಿಲ್ಲ.

ಇಷ್ಟೆಲ್ಲದರ ನಡುವೆ ಸಿಕ್ಕಿಬಿದ್ದವನು ನನ್ನ ಗೆಳೆಯ ಲುಬೋರ್. ಜೀವಮಾನವೆಲ್ಲ ಊರವರಿಗೆ ಕಟ್ಟುಹಲ್ಲು ಮಾಡಿಕೊಟ್ಟವನು. ಅರ್ಧ ಊರು ನಗುವುದು ಅವನ ಕೃಪೆಯಿಂದ, ಅವನು ಮಾತ್ರ ನಕ್ಕದ್ದು ಕಡಿಮೆ. ಅವನ ಹೆಂಡತಿ ಯಾರ್ಮಿಲಾ ಲೇಸು ನೇಯುವವಳು. ಉರುಟು ದಿಂಬಿನ ಮೇಲೆ ಗುಂಡುಸೂಜಿ ನೆಟ್ಟು, ಕಡ್ಡಿಗಳಿಗೆ ಸುತ್ತಿದ ದಾರ ಅತ್ತಿತ್ತ ಹಾಯಿಸಿ ಅವಳು ಹೆಣೆಯುವುದನ್ನು ನೋಡುತ್ತ ಕೂತರೆ ಜಪ ಕೇಳಿದ ಹಾಗಾಗುತ್ತದೆ. ಆದರೆ ಆ ಜಪ ನಡೆಯುತ್ತಿದ್ದದ್ದು ಅಡುಗೆಮನೆಯಲ್ಲಿ. ಕಾಂಕ್ರೀಟು ಚಪ್ಪಡಿಯ ವಠಾರದಲ್ಲಿ ಅವರದು ಪುಟ್ಟ ಮನೆ: ಮಲಗುವುದಕ್ಕೊಂದು ಕೋಣೆ, ಬೇಯಿಸುವುದಕ್ಕೊಂದು ಕೋಣೆ. ಮೂರನೆಯದು ದಕ್ಷಿಣಕ್ಕೆ ಕಿಟಕಿಯಿರುವ ಸಣ್ಣ ಕೋಣೆ. ಇಡೀ ಮನೆಯಲ್ಲಿ ಬೆಳಕು ಅನ್ನುವುದು ಇರುವುದು ಅಲ್ಲಿ ಮಾತ್ರ. ಅಲ್ಲಿ ಲುಬೋರನ ವಿಮಾನಗಳು ಬಾವಲಿಗಳ ಹಾಗೆ ಜೋತುಬಿದ್ದಿದ್ದವು.

ಆಚೆ ವರ್ಷದ ಶರತ್ಕಾಲದ ಒಂದು ಭಾನುವಾರ ನನಗೆ ಅವರಲ್ಲಿ ಊಟ. ಹಂದಿಮಾಂಸ, ಹುಳಿ ಎಲೆಕೋಸು, ಹಬೆಯಲ್ಲಿ ಬೇಯಿಸಿದ ಕಡುಬು. ಯಾರ್ಮಿಲಾ ತಟ್ಟೆಗಳನ್ನಿಟ್ಟ ರೀತಿಯಲ್ಲೇ ಗುಡುಗಿತ್ತು.

"ಸಿರಿಲ್, ನೀವೇ ಹೇಳಿ," ಅಂದಳು ನನಗೆ. "ಬ್ರ್ನೋದಿಂದ ಮದುಮಗಳ ಮುಸುಕು ವಾಪಸ್ ಬಂತು. ಯಾಕೆ ಗೊತ್ತಾ? ಈರುಳ್ಳಿ ವಾಸನೆ ಅಂತೆ! ಪಾದ್ರಿಗಳ ಮುಂದೆ ನಿಂತ್ಕೊಂಡು, ಮುಸುಕು ಎತ್ತಿದ್ರೆ ಗಂಡಿಗೆ ಹಸಿವಾಗುತ್ತಂತೆ!"

"ಅದೇನು ಕೆಟ್ಟದ್ದಾ?" ಅಂದ ಲುಬೋರ್, ಕಡುಬಿನ ಹಿಂದೆ ಮುಖ ಮರೆಸಿಕೊಂಡು.

"ನೀನು ಸುಮ್ನಿರು. ನಿನ್ನ ಆಟಿಕೆಗಳಿಗೆ ಸೂರ್ಯನ ಬೆಳಕು, ನನ್ನ ಲೇಸಿಗೆ ಒಗ್ಗರಣೆ ಹೊಗೆ."

"ಆಟಿಕೆ ಅಲ್ಲ ಯಾರ್ಮಿಲಾ, ಮಾದರಿ. ಈಗ ಕೊನಿಪಾಸ್ ಮಾಡ್ತಿದೀನಿ. ಏಪ್ರಿಲ್ ಸ್ಪರ್ಧೇಲಿ ಇದಕ್ಕೆ ಚಿನ್ನ ಬರದಿದ್ರೆ ನನ್ನ ಹೆಸರು ಬದಲಾಯಿಸು."

"ಹೆಸರು ಬದಲಾಯಿಸಿ ನಾನೇನು ಉಪ್ಪಿನಕಾಯಿ ಹಾಕ್ಲಾ? ಕೋಣೆ ಬದಲಾಯಿಸ್ತೀನಿ. ಚಿನ್ನ ಬಂತಾ, ಕೋಣೆ ನಿಂದು, ಸಾಯೋವರೆಗೂ ನಾನು ತುಟಿ ಬಿಚ್ಚಲ್ಲ. ಬರಲಿಲ್ವಾ, ಕೋಣೆ ನಂದು. ನಿನ್ನ ಬಾವಲಿಗಳನ್ನೆಲ್ಲ ನೆಲಮಾಳಿಗೆಗೆ ಇಳಿಸ್ತೀಯ, ಆಲೂಗಡ್ಡೆ ಪಕ್ಕಕ್ಕೆ. ಸಿರಿಲ್ ಸಾಕ್ಷಿ."

"ಒಪ್ಪಿದೆ," ಅಂದ ಲುಬೋರ್. ಕೈಕೈ ತಟ್ಟಿದರು. ಸಾಕ್ಷಿಗೆ ಇನ್ನೊಂದು ಕಡುಬು ಸಿಕ್ಕಿತು.

ಕ್ರಿಸ್ಮಸ್ ಕಳೆದ ಮೇಲೆ ಒಂದು ಮಧ್ಯಾಹ್ನ ನಾನು ಚರ್ಚಿನ ಹಿಂಗೋಣೆಯಲ್ಲಿ ದೀಪಸ್ತಂಭಗಳಿಗೆ ಮೆರುಗು ಕೊಡುತ್ತಿದ್ದೆ. ಲುಬೋರ್ ಬಂದ. ಕೈಯಲ್ಲಿ ಬೆಂಕಿಪೊಟ್ಟಣ. ಅದರೊಳಗೆ ಹತ್ತಿಯ ಮೇಲೆ ಮಲಗಿತ್ತು ಕೊನಿಪಾಸಿನ ಕಾಕ್‌ಪಿಟ್ಟು, ಮುಚ್ಚಳವಿಲ್ಲದೆ, ತೊಟ್ಟಿಲಲ್ಲಿ ಮಗುವಿನ ಹಾಗೆ.

ನಿಜ ಹೇಳಬೇಕೆಂದರೆ, ನಾನು ಉಸಿರು ಹಿಡಿದೆ. ಕುರ್ಚಿಯ ಚರ್ಮ ಕೂತು ಕೂತು ಸವೆದ ಹಾಗೆ ಬಣ್ಣ. ಪೈಲಟ್ಟು ಕಾಲಿಟ್ಟು ಇಳಿಯುವ ಅಂಚಿನಲ್ಲಿ ಒಣಗಿದ ಕುಂಚದಿಂದ ಸವರಿದ ಬೆಳ್ಳಿ, ಬಣ್ಣ ಕಿತ್ತು ಲೋಹ ಇಣುಕಿದ ಹಾಗೆ. ಡಯಲುಗಳ ಮೇಲೆ ಒಂದೊಂದು ಹನಿ ವಾರ್ನಿಶ್ಶು, ಅದೇ ಗಾಜು. ನೆಲದ ಸಂದಿಗಳಿಗೆ ಹರಿಸಿದ ತೆಳು ಕಪ್ಪು, ಹಳೆಯ ಎಣ್ಣೆಯ ಜಿಡ್ಡಿನ ಹಾಗೆ. ಇದರಲ್ಲಿ ಯಾರೋ ಈಗಷ್ಟೇ ಎದ್ದು ಹೋಗಿದ್ದಾರೆ ಅನ್ನಿಸಿತು.

"ಎಡಗೋಡೆ ನೋಡು," ಅಂದ.

ನೋಡಿದೆ. "ಖಾಲಿ ಇದೆ."

"ಅದೇ ನನ್ನ ಸಂಕಟ."

ನಮ್ಮ ಪಾದ್ರಿಗಳ ಬಳಿ ಪಾಪ ಹೇಳಿಕೊಳ್ಳಲು ಜನ ಹೋಗುವುದಿಲ್ಲ, ಅವರು ಪರಿಹಾರ ಹೇಳುತ್ತಾರೆ. ನನ್ನ ಬಳಿ ಬರುತ್ತಾರೆ, ನಾನು ಸುಮ್ಮನೆ ಹಿತ್ತಾಳೆ ತಿಕ್ಕುತ್ತೇನೆ. ಲುಬೋರನೂ ಸ್ಟೂಲೆಳೆದು ಕೂತು ಶುರುಮಾಡಿದ.

ಸರಕಾರ ಬೀಳುವ ಮುಂಚಿನ ಮಾತು. ಆಗಲೂ ಅವನೊಂದು ಕೊನಿಪಾಸ್ ಮಾಡಿದ್ದ. ಆಗ ಕಾರ್ಖಾನೆಯ ಬೇಲಿಯ ಫೋಟೋ ತೆಗೆದರೂ ಪೊಲೀಸರು ಬರುತ್ತಿದ್ದರು. ಒಳಗಿನ ಕಾಕ್‌ಪಿಟ್ಟಿನ ಚಿತ್ರ ಕೇಳುವವರಾರು? ಹಲ್ಲು ಕಟ್ಟಿಸಲು ಬಂದ ಹಳೆಯ ಪೈಲಟ್ಟೊಬ್ಬ ಬಾಯಿ ತೆರೆದುಕೊಂಡೇ ಬಲಗೋಡೆಯ ಸಂಗತಿಯನ್ನೆಲ್ಲ ವಿವರಿಸಿದ್ದ. ಎಡಗೋಡೆಗೆ ಬರುವಷ್ಟರಲ್ಲಿ ಹಲ್ಲು ಕೂತಿತು, ಆತ ಎದ್ದು ಹೋದ. ಎಡಗೋಡೆ ಬೋಳಾಗಿ ಉಳಿಯಿತು.

"ಬೋಳುಗೋಡೆ ನೋಡೋಕ್ಕಾಗಲ್ಲ ಕಣೋ ಸಿರಿಲ್. ಏನಾದ್ರೂ ಇರಲಿ ಅಂತ ಯಾರ್ಮಿಲಾನ ದಿಂಬಿಂದ ಒಂದು ಗುಂಡುಸೂಜಿ ಕಿತ್ತೆ. ಕೆಂಪು ಗಾಜಿನ ತಲೇದು. ಚುಚ್ಚಿದೆ. ಚೆನ್ನಾಗಿ ಕಾಣಿಸ್ತು."

"ಸರಿ."

"ಏನು ಸರಿ? ಅದಕ್ಕೆ ಜಿಲ್ಲಾ ಬಹುಮಾನ ಬಂತು. ಆಮೇಲೆ ಮ್ಯೂಸಿಯಮ್ಮಿನೋರಿಗೆ ಆ ಕೋಳಿಗೂಡು ಸಿಕ್ತು. ಒಳಗೆ ಕೋಳಿ ಹಿಕ್ಕೆ ಬಿಟ್ರೆ ಏನೂ ಇರಲಿಲ್ಲ. ನನ್ನ ಮಾದರಿ ಎರವಲು ಕೇಳಿದ್ರು. ಪ್ರದರ್ಶನಕ್ಕಿರಬೇಕು ಅಂತ ಕೊಟ್ಟೆ. ಅವರು ಅದನ್ನೇ ಅಳೆದು ನಲವತ್ತೆಂಟು ಪಟ್ಟು ದೊಡ್ಡದು ಮಾಡಿ ವಿಮಾನದೊಳಗೆ ಕೂರಿಸಿದ್ರು! ಸೇಬಿನ ಗಾತ್ರದ ಕೆಂಪು ಗುಂಡು!"

"ಆಗಲೇ ಹೇಳಬಹುದಿತ್ತಲ್ಲ?"

"ಹೇಳೋಣ ಅಂತಲೇ ಹೋದೆ. ಹೋದ್ರೆ ಉದ್ಘಾಟನೆ. ಮೇಯರ್ರು ನನ್ನ ಕೈ ಕುಲುಕ್ತಿದ್ದಾರೆ, ಅಗ್ನಿಶಾಮಕದೋರ ಬ್ಯಾಂಡು ಬಾರಿಸ್ತಿದೆ. ತುತ್ತೂರಿ ನಡುವೆ ಗುಂಡುಸೂಜಿ ವಿಷಯ ಹೇಗೆ ಎತ್ತೋದು?"

ಅಲ್ಲಿಂದ ಮುಂದೆ ಎಲ್ಲವೂ ತಾನೇತಾನಾಗಿ ಸಾಗಿತ್ತು. ಇಂಜಿನಿಯರ್ ಸಾಹೇಬರು ಮ್ಯೂಸಿಯಮ್ಮಿನ ವಿಮಾನವನ್ನು ಅಳೆದು ಪುಸ್ತಕ ಬರೆದರು. ಕೆಂಪು ಗುಂಡಿಗೆ 'ತುರ್ತು ಹಿಡಿ' ಎಂದು ನಾಮಕರಣವಾಯಿತು. ಅಷ್ಟು ದಪ್ಪ ಯಾಕೆಂದರೆ ಚಳಿಗಾಲದಲ್ಲಿ ಪೈಲಟ್ಟುಗಳು ದಪ್ಪ ಕೈಗವಸು ಹಾಕುತ್ತಿದ್ದರು, ಅದಕ್ಕೆ. ಹಿನೆಕ್ ಪುಸ್ತಕ ನೋಡಿ ತಗಡು ಕೊರೆದ. ದೇಶದ ತುಂಬ ಜನ ಆ ತಗಡು ತಂದು, ಚಿಮಟದಲ್ಲಿ ಹಿಡಿದು, ಉಸಿರು ಬಿಗಿಹಿಡಿದು, ಯಾರ್ಮಿಲಾಳ ಗುಂಡುಸೂಜಿಯನ್ನು ತಂತಮ್ಮ ಎಡಗೋಡೆಗಳಿಗೆ ಅಂಟಿಸಿದರು. ಸುಳ್ಳಿಗೆ ಕಾಲಿಲ್ಲ ಅನ್ನುತ್ತಾರೆ. ಈ ಸುಳ್ಳಿಗೆ ಕಾಲು ಬೇಕಾಗಲೇ ಇಲ್ಲ, ಅದಕ್ಕೆ ಹಿಡಿಯಿತ್ತು.

"ಈಗ ಆ ಹಿಡಿ ಹಾಕಲಿಲ್ಲ ಅಂದ್ರೆ ಸಾಹೇಬರು ಕನ್ನಡಿ ತೂರಿಸಿ ನೋಡ್ತಾರೆ, ಇಲ್ಲ ಅಂತ ಬರ್ಕೋತಾರೆ. ಚಿನ್ನ ಹೋಯ್ತು, ಕೋಣೆ ಹೋಯ್ತು. ಹಾಕಿದ್ರೆ..." ಬೆಂಕಿಪೊಟ್ಟಣವನ್ನು ಮುಚ್ಚಿದ. "ಉಳಿದ ಪ್ರತಿಯೊಂದೂ ನಿಜ ಕಣೋ ಇದರಲ್ಲಿ. ಒಂದೊಂದು ತಿರುಪೂ ನಿಜ."

"ಯಾರ್ಮಿಲಾಗೆ ಗೊತ್ತಾ?" ಅಂದೆ.

"ಅವಳಿಗೆ ಆಗ ಬೆಕ್ಕು ನುಂಗಿತು ಅಂದಿದ್ದೆ."

ಲುಬೋರ್ ಹಿಡಿ ಹಾಕಿದ. ದಕ್ಷಿಣದ ಕಿಟಕಿಯ ಮುಂದೆ ಎಂಥ ಸತ್ಯವಂತನಾದರೂ ಜಾರಿಬಿಡುತ್ತಾನೆ. ಆದರೆ ಈ ಸಲ ಗುಂಡುಸೂಜಿ ಕದಿಯಲಿಲ್ಲ. ಹಿತ್ತಾಳೆ ತಂತಿಯನ್ನು ಅರದಿಂದ ಉಜ್ಜಿ, ತುದಿಗೆ ಕಟ್ಟುಹಲ್ಲಿನ ಅಂಟಿನ ಒಂದು ಹನಿ ಬಿಟ್ಟು, ಭೂತಗನ್ನಡಿಯಡಿ ನುಣುಪು ಮಾಡಿ, ಕೆಂಪು ಹಚ್ಚಿದ. ಪ್ರಪಂಚದಲ್ಲಿ ಎಂದೂ ಇಲ್ಲದಿದ್ದ ವಸ್ತುವೊಂದನ್ನು ಇದಕ್ಕಿಂತ ಚೆನ್ನಾಗಿ ಯಾರೂ ಮಾಡಿರಲಾರರು. ನೆಟ್ಟಗೆ, ದುಂಡಗೆ, ಕಳಶದ ಹಾಗಿತ್ತು.

ಒಂದೇ ಒಂದು ಎಡವಟ್ಟು ಮಾಡಿದ. ಮ್ಯೂಸಿಯಮ್ಮಿಗೆ ಹೋಗಿ ದೊಡ್ಡ ವಿಮಾನದೊಳಗಿನ ಹಿಡಿಯನ್ನು ನೋಡಿ ಬರಲಿಲ್ಲ. ಉದ್ಘಾಟನೆಯ ದಿನದಿಂದ ಅವನು ಆ ವಿಮಾನದ ಎಡಪಕ್ಕಕ್ಕೆ ಹಾದದ್ದೇ ಇಲ್ಲ, ನಾಚಿಕೆ. ಸಾಹೇಬರ ಪುಸ್ತಕ ಮನೆಯಲ್ಲಿತ್ತು, ಆ ಪುಟವನ್ನೂ ತೆರೆಯಲಿಲ್ಲ. ನಾನು ಹುಟ್ಟಿಸಿದ ಮಗುವಿನ ಮುಖ ನನಗೆ ಬೇರೆಯವರು ತೋರಿಸಬೇಕೇ ಅಂದುಕೊಂಡಿದ್ದನೇನೋ.

ಏಪ್ರಿಲ್ ಬಂತು. ಸ್ಪರ್ಧೆ ಮ್ಯೂಸಿಯಮ್ಮಿನ ನಡುಮನೆಯಲ್ಲೇ, ದೊಡ್ಡ ಕೊನಿಪಾಸಿನ ರೆಕ್ಕೆಯ ನೆರಳಿನಲ್ಲಿ. ಬಾಗಿಲಲ್ಲಿ ಸ್ವಾತಾವಾ ಅನ್ನುವ ಕಾವಲಿನಾಕೆ ಕೂತು, ಎಲ್ಲರಿಗೂ ಬೂಟಿನ ಮೇಲೆ ಹಾಕಿಕೊಳ್ಳುವ ದಪ್ಪ ಉಣ್ಣೆಯ ಬನಾತಿನ ದೊಡ್ಡ ಚಪ್ಪಲಿ ಹಂಚಿದಳು, ಮರದ ನೆಲಕ್ಕೆ ಗೀರು ಬೀಳಬಾರದೆಂದು. ಹಾಗಾಗಿ ಅಲ್ಲಿ ಯಾರೂ ನಡೆಯುವುದಿಲ್ಲ, ಜಾರುತ್ತಾರೆ. ಗಡ್ಡ ಮೀಸೆಯ ದೊಡ್ಡ ದೊಡ್ಡ ಮನುಷ್ಯರು ಅಂಗೈಯಲ್ಲಿ ಪುಟ್ಟ ವಿಮಾನ ಹಿಡಿದು ತೇಲಿಕೊಂಡು ಬರುವುದನ್ನು ನೋಡಿದರೆ ಸ್ವರ್ಗದ ಕಲ್ಪನೆ ಕೊಂಚ ಬದಲಾಗುತ್ತದೆ. ಒಂದು ಪಕ್ಕದ ಮೇಜಿನ ಮೇಲೆ ಆಲೂಗಡ್ಡೆ ಪಲ್ಯ, ಹಂದಿಮಾಂಸ, ಮೊಟ್ಟೆ ಇಟ್ಟ ಬ್ರೆಡ್ಡು ತುಂಡುಗಳು. ಸಾಹೇಬರು ಅವನ್ನು ಕೂಡ ಒಮ್ಮೆ ಬಗ್ಗಿ ನೋಡಿ, ಒಂದನ್ನು ಬಿಟ್ಟು ಇನ್ನೊಂದನ್ನು ಆರಿಸಿಕೊಂಡರು.

ತೀರ್ಪಿನ ಹೊತ್ತಿಗೆ ಸ್ಪರ್ಧಿಗಳು ಹಗ್ಗದಾಚೆ ಕೈಕಟ್ಟಿ ನಿಲ್ಲಬೇಕು. ಲುಬೋರನ ಪಕ್ಕದಲ್ಲಿ, ಎಂದೂ ಬಾರದ ಯಾರ್ಮಿಲಾ ಬಂದು ನಿಂತಿದ್ದಳು. ಶನಿವಾರದ ಲೇಸಿನ ಗುಂಪಿನಿಂದ ನೇರ ಬಂದವಳು, ಹೆಗಲಲ್ಲಿ ಅದರ ಚೀಲ. ಚೀಲದಿಂದ ಅಳತೆಯ ಟೇಪು ಇಣುಕುತ್ತಿತ್ತು.

"ಅದ್ಯಾಕೆ?" ಅಂದ ಲುಬೋರ್.

"ಪರದೆಗೆ. ವಾಪಸ್ ಹೋಗ್ತಾ ಬಟ್ಟೆ ತಗೊಳ್ಳೋಣ ಅಂತ."

"ಇನ್ನೂ ತೀರ್ಪು ಬಂದಿಲ್ಲ ಯಾರ್ಮಿಲಾ."

"ಅಂಗಡಿ ಮುಚ್ಚೋದ್ರೊಳಗೆ ಬರುತ್ತಲ್ಲ?"

ಲುಬೋರನ ಕೊನಿಪಾಸಿನ ಸರದಿ ಬಂತು. ಗಾಜಿನ ಮುಚ್ಚಳವನ್ನು ಅವನು ಅಂಟಿಸದೆ ತುಸು ಹಿಂದಕ್ಕೆ ಸರಿಸಿಟ್ಟಿದ್ದ. ನಾನು ಟಾರ್ಚಿನ ಬೆಳಕು ಬಿಟ್ಟೆ. ಇಂಜಿನಿಯರ್ ಸಾಹೇಬರು ಕನ್ನಡಿ ಇಳಿಸಿದರು.

"ಡಯಲು... ಹೂಂ. ಪೆಡಲು... ಹೂಂ. ನೆಲದ ಜಿಡ್ಡು... ಪರವಾಗಿಲ್ಲ." ಸಾಹೇಬರ ಬಾಯಲ್ಲಿ 'ಪರವಾಗಿಲ್ಲ' ಅಂದರೆ ಬೇರೆಯವರ ಬಾಯಲ್ಲಿ ಚಪ್ಪಾಳೆ. ಹಿನೆಕ್ ಕೂಡ, ತನ್ನ ತಗಡು ಬಳಸದಿದ್ದರೂ, ಒಲ್ಲದ ಮನಸ್ಸಿನಿಂದ ತಲೆಯಾಡಿಸಿದ. ಹಗ್ಗದಾಚೆ ಲುಬೋರನ ಮುಖ ಅರಳತೊಡಗಿತು. ಯಾರ್ಮಿಲಾ ಟೇಪನ್ನು ಚೀಲದೊಳಕ್ಕೆ ತಳ್ಳಿದಳು.

ಕನ್ನಡಿ ಎಡಕ್ಕೆ ತಿರುಗಿತು. ಅಲ್ಲೇ ನಿಂತಿತು.

"ಸಿರಿಲ್, ಬೆಳಕು ಕೆಳಗೆ. ಇನ್ನೂ ಕೆಳಗೆ." ನಿಟ್ಟುಸಿರು. "ಅಯ್ಯೋ ಅಯ್ಯೋ. ಲುಬೋರ್ ಅವ್ರೇ, ಏನ್ರೀ ಇದು?"

"ತು... ತುರ್ತು ಹಿಡಿ, ಇಂಜಿನಿಯರ್ ಸಾಹೇಬ್ರೇ."

"ಅದು ಗೊತ್ತು. ಯಾಕೆ ನೆಟ್ಟಗಿದೆ?"

"ನೆಟ್ಟಗಿರಬಾರದಾ?"

ಸಾಹೇಬರು ಸಭೆಯತ್ತ ತಿರುಗಿದರು, ಇಂಥವರ ನಡುವೆ ನಾನು ಬಾಳಬೇಕಲ್ಲ ಅನ್ನುವ ಹಾಗೆ. "ಹಿಡಿಯ ಕಡ್ಡಿ ಮೂರನೇ ಒಂದು ಭಾಗದಲ್ಲಿ ಎಡಕ್ಕೆ ಬಾಗಿರುತ್ತೆ. ಪೈಲಟ್ಟಿನ ಮೊಣಕಾಲಿಗೆ ತಾಗಬಾರದು ಅಂತ. ನನ್ನ ಪುಸ್ತಕದಲ್ಲಿ ಚಿತ್ರ ಸಮೇತ ಇದೆ. ಗುಂಡಿನ ಕೆಳಭಾಗದಲ್ಲಿ ಒಂದು ತಗ್ಗಿರುತ್ತೆ, ಹೆಬ್ಬೆರಳು ಕೂರೋಕೆ. ಇಲ್ಲಿ ತಗ್ಗೆಲ್ಲಿ? ಇಷ್ಟು ಕೆಲಸ ಮಾಡಿ, ಇಷ್ಟು ಮುಖ್ಯವಾದ ಕಡೆ ಹೀಗೆ ಮನಸ್ಸಿಗೆ ಬಂದ ಹಾಗೆ ಕಲ್ಪಿಸಿಕೊಂಡ್ರೆ ಹೇಗ್ರೀ?"

"ಕಲ್ಪಿಸಿಕೊಂಡ್ರೆ!" ಅಂದ ಲುಬೋರ್. ಅವನ ಕಿವಿ ಕೆಂಪಾದದ್ದನ್ನು ನಾನು ಅದೇ ಮೊದಲು ನೋಡಿದ್ದು.

"ಬೆಳ್ಳಿ," ಅಂದರು ಸಾಹೇಬರು. "ಹಿನೆಕ್?"

"ಬೆಳ್ಳಿ," ಅಂದ ಹಿನೆಕ್. "ನನ್ನ ತಗಡಿನಲ್ಲಿ ಬಾಗು ಸರಿಯಾಗಿದೆ. ತಗೊಂಡಿದ್ರೆ ಆಗ್ತಿತ್ತು."

ಲುಬೋರ್ ಹಗ್ಗ ದಾಟಿದ. ಬನಾತಿನ ಚಪ್ಪಲಿಯಲ್ಲಿ ಸಿಟ್ಟಿನಿಂದ ಬರುವುದು ಸುಲಭವಲ್ಲ, ಅರ್ಧ ದಾರಿ ಜಾರಿದ. "ಸಾಹೇಬ್ರೇ, ಆ ಬಾಗು ಯಾಕಿದೆ ಗೊತ್ತಾ? ಸೂಜಿ ಒಳಗೆ ಹೋಗ್ತಿರಲಿಲ್ಲ, ಹೆಬ್ಬೆರಳಲ್ಲಿ ಒತ್ತಿದೆ, ಬಗ್ಗಿತು! ಅದು ಹಿಡಿ ಅಲ್ಲ! ಅದು ಗುಂಡುಸೂಜಿ! ನಾನೇ ಚುಚ್ಚಿದ್ದು, ಆ ಹಳೇ ಮಾದರೀಲಿ! ಮ್ಯೂಸಿಯಮ್ಮಿನೋರು ಅದನ್ನೇ ನೋಡಿ ದೊಡ್ಡದು ಮಾಡಿದಾರೆ, ನೀವು ಅದನ್ನ ನೋಡಿ ಪುಸ್ತಕ ಬರೆದಿದೀರ!"

ಸಭೆ ಅವನನ್ನು ನೋಡಿದ ಬಗೆಯಲ್ಲಿ ಕನಿಕರವಿತ್ತು. ಬೆಳ್ಳಿ ಬಂದವರು ಏನೇನೋ ಮಾತಾಡುವುದು ನಮ್ಮಲ್ಲಿ ಹೊಸದಲ್ಲ.

"ಲುಬೋರ್ ಹೇಳ್ತಿರೋದು ನಿಜ," ಅಂದೆ ನಾನು. ಟಾರ್ಚು ಹಿಡಿದವನು ಮಾತಾಡಿದ್ದು ಸಂಘದ ಚರಿತ್ರೆಯಲ್ಲೇ ಮೊದಲು.

ಸಾಹೇಬರು ನನ್ನ ಭುಜ ತಟ್ಟಿದರು. "ಸಿರಿಲ್, ಸಾಕ್ಷಿಯಿಲ್ಲದ್ದನ್ನು ನಂಬೋದು ನಿಮ್ಮ ಉದ್ಯೋಗ. ನಾನು ಇಂಜಿನಿಯರ್ರು."

ಆಗ ಎಲ್ಲರ ಹಿಂದಿನಿಂದ ಸದ್ದಾಯಿತು. ಯಾರ್ಮಿಲಾ ದೊಡ್ಡ ವಿಮಾನಕ್ಕೆ ಆನಿಸಿಟ್ಟ ಏಣಿಯನ್ನು ಹತ್ತುತ್ತಿದ್ದಳು. ಸ್ವಾತಾವಾ "ಅಮ್ಮಾ, ಹತ್ತಬಾರದು, ಹತ್ತಬಾರದು" ಅನ್ನುತ್ತ ಜಾರಿಕೊಂಡು ಓಡಿಬರುವಷ್ಟರಲ್ಲಿ ಅವಳ ತಲೆ ಕಾಕ್‌ಪಿಟ್ಟಿನೊಳಗಿತ್ತು. ಬಹಳ ಹೊತ್ತು ಅಲ್ಲೇ ಇತ್ತು.

"ಲುಬೋರ್," ಅಂತ ಒಳಗಿನಿಂದ ದನಿ ಬಂತು, ಡಬ್ಬಿಯೊಳಗಿಂದ ಬಂದ ಹಾಗೆ. "ಇದು ನಮ್ಮಜ್ಜಿ ಸೂಜಿ."

ಲುಬೋರ್ ತನ್ನ ಬನಾತಿನ ಚಪ್ಪಲಿಯ ತುದಿ ನೋಡತೊಡಗಿದ.

"ಗಾಜು ತೊಟ್ಟಿಕ್ಕಿ ತಗ್ಗು ಬಿದ್ದಿರೋದು ಅಜ್ಜಿ ಸೂಜಿಗಳಿಗೆ ಮಾತ್ರ. ಬೆಕ್ಕು ನುಂಗ್ತು ಅಂದೆ! ಆ ಬಡಪಾಯಿ ಬೆಕ್ಕಿಗೆ ನಾನು ಎಣ್ಣೆ ಕುಡಿಸಿದೆ, ಡಾಕ್ಟರ ಹತ್ರ ಹೊತ್ಕೊಂಡು ಹೋದೆ, ಸೂಜಿ ಹೊರಗೆ ಬರುತ್ತೇನೋ ಅಂತ ದಿನಾ ಮಣ್ಣಿನ ಪೆಟ್ಟಿಗೆ ಕೆದಕಿ ನೋಡಿದೆ!"

ಇಳಿದು ಬಂದಳು. ಚೀಲದಿಂದ ಸೂಜಿದಿಂಬು ತೆಗೆದಳು. ಒಂದು ಸೂಜಿ ಕಿತ್ತು ಸಾಹೇಬರ ಮೂಗಿನ ಮುಂದೆ ಹಿಡಿದಳು. ಕೆಂಪು ಗಾಜಿನ ತಲೆ, ಕೆಳಗೆ ತಗ್ಗು. "ನೋಡಿ. ನಿಮ್ಮ ಹೆಬ್ಬೆರಳು ಇಡಿ ಇದರಲ್ಲಿ."

ಸಾಹೇಬರು ಸೂಜಿಯನ್ನು ಕನ್ನಡಿಯಲ್ಲಿ ನೋಡಿದರು, ಟಾರ್ಚಿನಲ್ಲಿ ನೋಡಿದರು. ಏಣಿ ಹತ್ತಿ ದೊಡ್ಡದನ್ನು ನೋಡಿದರು, ಅಂದು ಎರವಲು ಹೋಗಿ ಮ್ಯೂಸಿಯಮ್ಮಿನ ಗಾಜಿನ ಪೆಟ್ಟಿಗೆಯಲ್ಲೇ ಉಳಿದುಬಿಟ್ಟಿದ್ದ ಲುಬೋರನ ಹಳೆಯ ಮಾದರಿಯನ್ನು ನೋಡಿದರು. ಮತ್ತೆ ಸೂಜಿಯನ್ನು ನೋಡಿದರು. ಅವರ ಮುಖ ನಿಧಾನಕ್ಕೆ ಬೆಳಗುತ್ತ ಬಂತು. ಸತ್ಯ ತಾಗಿತು ಅಂದುಕೊಂಡೆ. ಬೆಳಕು ಬಿದ್ದದ್ದಂತೂ ಹೌದು, ಬೇರೆ ಕಡೆಯಿಂದ.

"ಅದ್ಭುತ!" ಅಂದರು. "ಅಮ್ಮಾ, ನಿಮ್ಮಜ್ಜಿ ಈ ಊರಿನವರೇ ತಾನೇ?"

"ಹೌದು."

"ಅದೇ! ನಮ್ಮೂರು ಲೇಸಿನ ಊರು. ಕಾರ್ಖಾನೆಯಲ್ಲಿ ಹಿಡಿ ವಿನ್ಯಾಸ ಮಾಡಿದವನ ಮನೆಯಲ್ಲೂ ಇಂಥದೇ ಸೂಜಿ ಇದ್ದಿರಬೇಕು. ತಾಯಿಯ ಸೂಜಿ ನೋಡಿ ಮಗ ವಿಮಾನದ ಹಿಡಿ ಮಾಡಿದ! ಇಷ್ಟು ದಿನ ಇದು ಯಾರಿಗೂ ಹೊಳೆದಿರಲಿಲ್ಲ. ಹಿನೆಕ್, ಬರ್ಕೊಳ್ಳಿ, ಎರಡನೇ ಮುದ್ರಣಕ್ಕೆ ಹೊಸ ಅಧ್ಯಾಯ. ಲುಬೋರ್ ಅವ್ರೇ, ನೀವು ನಿಜಕ್ಕೂ ಸಾಕ್ಷಿ ತಂದ್ರಿ, ಸಂತೋಷ. ಆದ್ರೆ ನಿಮ್ಮ ಮಾದರೀಲಿ ಬಾಗಿಲ್ಲ. ಬೆಳ್ಳಿಯೇ."

ಸಭೆ ಚಪ್ಪಾಳೆ ತಟ್ಟಿತು. ಲುಬೋರ್ ಗೋಡೆ ಹಿಡಿದು ಬ್ರೆಡ್ಡಿನ ಮೇಜಿನ ಬಳಿ ಹೋಗಿ ಕುಸಿದು ಕೂತ. ಕೋಣೆ ಹೋಯಿತು. ಅದೂ ತಾನೇ ಹುಟ್ಟುಹಾಕಿದ ಸುಳ್ಳನ್ನು ಸಾಕಷ್ಟು ನಿಷ್ಠೆಯಿಂದ ಹೇಳದಿದ್ದಕ್ಕೆ.

ಯಾರ್ಮಿಲಾ ನನ್ನ ಕೈಯಿಂದ ಟಾರ್ಚು ಕಿತ್ತುಕೊಂಡಳು. "ಕೊಡಿ ಇಲ್ಲಿ." ಲುಬೋರನ ಬೆಳ್ಳಿ ಕೊನಿಪಾಸಿನ ಮುಂದೆ ಬಗ್ಗಿದಳು. ಮದುವೆಯಾದಂದಿನಿಂದ ಅವನು ಮಾಡಿದ ಯಾವುದರೊಳಗೂ ಅವಳು ಇಣುಕಿದವಳಲ್ಲ, ಅದು ನನಗೂ ಗೊತ್ತು, ಅವನಿಗೂ ಗೊತ್ತು. ಲುಬೋರ್ ಮೇಜಿನ ಬಳಿಯಿಂದ ಕತ್ತು ನೀಡಿ ನೋಡುತ್ತಿದ್ದ, ಕೈಯಲ್ಲಿ ಹಿಡಿದ ಬ್ರೆಡ್ಡಿನಿಂದ ಮೊಟ್ಟೆ ಜಾರಿದ್ದು ಅವನಿಗೆ ತಿಳಿಯಲಿಲ್ಲ.

"ಈ ಬೆಲ್ಟು..." ಅಂದಳು ತಲೆಯೆತ್ತದೆ.

"ಹೂಂ," ಅಂದ ದೂರದಿಂದ.

"ನನ್ನ ದಾರ. ಸಣ್ಣ ನಂಬರಿಂದು. ಕಮ್ಮಿ ಬಂದಿದೆ ಅಂತ ಅಂಗಡಿಯವನ ಜತೆ ಜಗಳ ಆಡಿ ಮಾತು ಬಿಟ್ಟಿದೀನಿ ನಾನು."

"ಹೂಂ."

ಟಾರ್ಚಿನ ಬೆಳಕು ಕುರ್ಚಿಯಿಂದ ಪೆಡಲಿಗೆ, ಪೆಡಲಿನಿಂದ ಡಯಲಿಗೆ ನಿಧಾನಕ್ಕೆ ಹರಿಯಿತು. ಸಾಹೇಬರು ನೋಡಿದ್ದಕ್ಕಿಂತ ಹೆಚ್ಚು ಹೊತ್ತು ನೋಡಿದಳು.

"ಗಂಟು ತಪ್ಪು ಹಾಕಿದೀಯ," ಅಂದಳು. ದನಿಯಲ್ಲಿ ಗುಡುಗಿರಲಿಲ್ಲ. "ಹೀಗೆ ಹಾಕಿದ್ರೆ ಎಳೆದಾಗ ಬಿಚ್ಚಿಕೊಳ್ಳುತ್ತೆ. ಮನುಷ್ಯ ಬಿದ್ದೇ ಹೋಗ್ತಾನೆ."

ಸಂಜೆ ಮೂವರೂ ಜತೆಗೇ ಹೊರಟೆವು. ಲುಬೋರನ ಕೈಯಲ್ಲಿ ಪೆಟ್ಟಿಗೆ, ಕೊರಳಲ್ಲಿ ಬೆಳ್ಳಿ. ಬಟ್ಟೆಯಂಗಡಿಯ ಮುಂದೆ ಯಾರ್ಮಿಲಾ ನಿಂತಳು.

"ಚಿನ್ನ ಬರಲಿಲ್ಲ," ಅಂದಳು.

"ಇಲ್ಲ."

"ಕೋಣೆ ನಂದು."

"ನಿಂದೇ. ನಾಳೆನೇ ಇಳಿಸ್ತೀನಿ ಎಲ್ಲಾನೂ. ಸಿರಿಲ್ ಸಹಾಯಕ್ಕೆ ಬರ್ತಾನೆ."

"ಸಿರಿಲ್ ಯಾಕೆ ಬರಬೇಕು? ಕೋಣೆ ನಂದು ಅಂದ್ಮೇಲೆ ಅದರಲ್ಲಿ ಯಾರನ್ನ ಕೂರಿಸ್ಕೋಬೇಕು, ಯಾರನ್ನ ಆಲೂಗಡ್ಡೆ ಜತೆ ಇಡಬೇಕು ಅನ್ನೋದೂ ನಂದೇ. ಕಿಟಕಿ ಪೂರ್ತಿ ನಂದು. ನಿನ್ನ ಮೇಜು ಗೋಡೆ ಕಡೆಗೆ. ಬಾವಲಿಗಳು ಅರ್ಧ ಇರಲಿ, ಅರ್ಧ ಕೆಳಗೆ. ಸೂಜಿದಿಂಬು ಮುಟ್ಟಿದ್ರೆ ನೀನೂ ಕೆಳಗೆ."

ಪರದೆಗೆ ಬಿಳಿ ಬಟ್ಟೆ ಕೊಂಡಳು.

ಈಗ ನಾನು ಭಾನುವಾರ ಹೋದಾಗ ಊಟ ಮುಗಿಸಿ ಆ ಕೋಣೆಯಲ್ಲೇ ಕೂರುತ್ತೇನೆ. ಒಂದು ಕಡೆ ಕಡ್ಡಿಗಳ ಟಕಟಕ, ಇನ್ನೊಂದು ಕಡೆ ಅರದ ಕಿರಿಕಿರಿ. ಸಾಹೇಬರ ಎರಡನೇ ಮುದ್ರಣ ಬಂದಿದೆ, ಲೇಸಿನ ಅಧ್ಯಾಯದಲ್ಲಿ ಯಾರ್ಮಿಲಾಳ ಅಜ್ಜಿಯ ಫೋಟೋ ಕೂಡ ಇದೆ. ಪುಸ್ತಕ ದಪ್ಪವಾಗಿರುವುದರಿಂದ ದಿಂಬಿನ ಸ್ಟ್ಯಾಂಡಿನ ಮೋಟು ಕಾಲಿನಡಿಗೆ ಸರಿಹೊಂದಿದೆ. ಹಳೆಯ ಸೂಜಿ ವಾಪಸು ಕೊಡಿ ಎಂದು ಯಾರ್ಮಿಲಾ ಕೇಳಿದ್ದಕ್ಕೆ, ಅದು ಈಗ ರಾಷ್ಟ್ರದ ಸ್ವತ್ತು ಅಂತ ಮ್ಯೂಸಿಯಮ್ಮಿನವರು ಹೇಳಿದರಂತೆ.

ಲುಬೋರ್ ಇನ್ನೊಂದು ಕೊನಿಪಾಸ್ ಮಾಡಿದ್ದಾನೆ. ಎಡಗೋಡೆ ಬೋಳು. ಇದನ್ನು ಸ್ಪರ್ಧೆಗೆ ಒಯ್ದರೆ ಕಂಚೂ ಸಿಗುವುದಿಲ್ಲ, ಅದು ಅವನಿಗೆ ಗೊತ್ತು. ಹೋದ ಭಾನುವಾರ ಮುಚ್ಚಳ ಹಾಕುವ ದಿನ. ಅಂಟು ಅದ್ದಿದ ಕಡ್ಡಿ ಒಂದು ಕೈಯಲ್ಲಿ, ಗಾಜು ಇನ್ನೊಂದು ಕೈಯಲ್ಲಿ ಹಿಡಿದು, ಉಸಿರು ಬಿಗಿಹಿಡಿದಿದ್ದ.

"ತಾಳು, ಮುಚ್ಚಬೇಡ," ಅಂದಳು ಯಾರ್ಮಿಲಾ ಕಿಟಕಿಯಿಂದ. ದಿಂಬು ಬಿಟ್ಟೆದ್ದು ಬಂದು ಟಾರ್ಚು ಹುಡುಕಿದಳು. "ಗಂಟು ಈ ಸಲ ಹೇಗೆ ಹಾಕಿದೀಯ ನೋಡ್ತೀನಿ."

"ನಿನ್ನೇನೂ ನೋಡಿದ್ಯಲ್ಲ?"

"ನಿನ್ನೆ ಬೆಳಕು ಸರಿ ಇರಲಿಲ್ಲ. ಸರಿ ಆ ಕಡೆ."

ಅವನು ಸರಿದ. ಕಡ್ಡಿಯ ತುದಿಯಲ್ಲಿ ಅಂಟು ಒಣಗುತ್ತಿತ್ತು. ಅವಳಿಗೆ ಅವಸರವಿರಲಿಲ್ಲ.